ಕುಸುಬೆ ಹೊಲದ ಕೆಂಪು ಚುಕ್ಕೆ

ಹೊಲದ ಬೇಲಿಗೆ ಹಳೆಯ ಕೌದಿ ಒಣಹಾಕುವಾಗ ನಡುವೆ ಹೊಲಿದ ಕೆಂಪು ತುಂಡು ಕಣ್ಣಿಗೆ ಬಿತ್ತು. ಚಿಕ್ಕವಳಿದ್ದಾಗ ನಾನು ಉಡುತ್ತಿದ್ದ ಪರಕಾರ-ಲಂಗದ ಬಟ್ಟೆ. ಅಣ್ಣನ ಕೂಗು ಕೇಳಿದಂತಾಯಿತು: "ಇನ್ನಾ ದೂರ ಹೋಗು... ಇನ್ನಾ ದೂರ!"

ಅಣ್ಣ ಭಾಲ್ಕಿಯ ಒಂದು ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೊ ತೆಗೆಯುತ್ತಿದ್ದ. ರಜೆ ಬಂದರೆ ಮನುಷ್ಯರ ಮುಖ ಸಾಕಾಗಿ, ಹೊಲಗಳ ಚಿತ್ರ ತೆಗೆಯಲು ಔರಾದ್ ದಾರಿ ಹಿಡಿಯುತ್ತಿದ್ದ. ಐದನೇ ಇಯತ್ತೆಗೇ ಶಾಲೆ ಬಿಟ್ಟ ನಾನು ಅವನ ಹಿಂದೆ. ನಾನು ಕಲಿತದ್ದೆಲ್ಲ ಅಲ್ಲೇ. ನೆತ್ತಿಯ ಬಿಸಿಲಲ್ಲಿ ಹೊಲ ಸಪ್ಪೆ, ಹೊತ್ತು ಇಳಿಯುವವರೆಗೆ ಕಾಯಬೇಕು. ಆಕಾಶಕ್ಕೆ ಒಂದು ಪಾಲು, ಭೂಮಿಗೆ ಎರಡು. ಕ್ಯಾಮೆರಾವನ್ನು ಕಲ್ಲಿನ ಮೇಲೆ ಕೂರಿಸಿದರೆ ಚಿತ್ರ ಅಲುಗದು. ಮತ್ತೆ ದೂರದಲ್ಲೊಂದು ಚುಕ್ಕೆಯಷ್ಟು ಮನುಷ್ಯ ಬೇಕು.

"ಮನಷ್ಯಾ ಸಣ್ಣ ಕಂಡ್ರೇ ಭೂಮಿ ದೊಡ್ಡದು ಕಾಣ್ತದ."

"ಅಣ್ಣಾ, ಆ ಚುಕ್ಕಿ ನಾನಂತ ಯಾರಿಗಿ ಗೊತ್ತಾಗ್ತದ?"

"ನಿನಗ ಗೊತ್ತದಲ್ಲ, ಸಾಕ."

ನನಗೆ ಸಾಕಾಗಲಿಲ್ಲ.

ಒಮ್ಮೆ ಬೀದರದ ಗೊಬ್ಬರದಂಗಡಿಯ ಸಾಹುಕಾರರು ಕ್ಯಾಲೆಂಡರಿಗೆ ಹೊಲದ ಚಿತ್ರ ಕೇಳಿದರು. ಕೆಳಗೆ ಅಣ್ಣನ ಹೆಸರು ಅಚ್ಚಾಗುವುದಿತ್ತು. ಆ ಖುಷಿಗೆ ಅವನು ಊಟವನ್ನೇ ಮರೆತಿದ್ದ. ಮರುದಿನವೇ ಚಿತ್ರ ಕೊಡಬೇಕು, ರೀಲಿನಲ್ಲಿ ಉಳಿದದ್ದು ಒಂದೇ ಫೋಟೊ. ಹೂಬಿಟ್ಟ ಕುಸುಬೆಯ ಎದುರು ಕ್ಯಾಮೆರಾ ಇಟ್ಟು, ಗುಂಡಿಯ ಮೇಲೆ ಬೆರಳಿಟ್ಟು, ಮೋಡ ಸರಿಯಲೆಂದು ಆಕಾಶವನ್ನೇ ನೋಡುತ್ತ ಕುಳಿತ. ಮನೆಮನೆಯ ಗೋಡೆಗೂ ಹೋಗುವ ಚಿತ್ರದಲ್ಲಿ ನಾನು ಬರೀ ಚುಕ್ಕೆಯೇ? ಬಗ್ಗಿಕೊಂಡು ಕುಸುಬೆಯೊಳಗೆ ನುಸುಳುತ್ತ ಬಂದು ಕ್ಯಾಮೆರಾದ ಮುಂದೆಯೇ ಎದ್ದೆ. ಅಷ್ಟರಲ್ಲಿ ಮುಳ್ಳು ಚುಚ್ಚಿತು. ಬಾಯಿ ತೆರೆದೆ. ಮೋಡ ಸರಿಯಿತು... ಕ್ಲಿಕ್.

"ಹಾವು ಬಂತಣ್ಣಾ!" ಎಂದುಬಿಟ್ಟೆ.

ಸಾಹುಕಾರರು ಚಿತ್ರ ನೋಡಿ, "ಇದ್ರಾಗ ಹೊಲ ಎಲ್ಲಿ ಅದರಿ? ಬರೇ ಹಲ್ಲೇ ಅವ. ಇದನ್ನ ಹಚ್ಚಿದ್ರ ರೈತರು ಹೊಲಕ್ಕ ಹೋಗೋದೇ ಬಿಡ್ತಾರ!" ಎಂದರಂತೆ. ಕ್ಯಾಲೆಂಡರಿನಲ್ಲಿ ಬೇರೆ ಯಾರದೋ ಹೆಸರು ಬಂತು.

ಅಣ್ಣ ಬೈಯಲಿಲ್ಲ. ಅಂದಿನಿಂದ ನಾನು ನಿಲ್ಲುವ ಕಡೆಯೆಲ್ಲ ಮೊದಲು ಕೋಲಿನಿಂದ ನೆಲ ಬಡಿದು, "ಈಗ ನಿಂದ್ರು, ಏನಿಲ್ಲ" ಎನ್ನುತ್ತಿದ್ದ. ತಲೆ ನರೆತ ಮೇಲೂ ಹೊಲದಲ್ಲಿ ನನ್ನ ಮುಂದೆ ಬಡಿಯುತ್ತಲೇ ನಡೆಯುತ್ತಿದ್ದ. ಹಾವು ಇರಲೇ ಇಲ್ಲ ಎನ್ನಲು ಚಿತ್ರದಲ್ಲಿ ಅಷ್ಟು ಅಗಲವಾಗಿದ್ದ ನನ್ನ ಬಾಯಿ ಮತ್ತೆ ತೆರೆಯಲಿಲ್ಲ...

ಅವನು ಹೋದ ಮೇಲೆ ಇದೇ ಮೊದಲ ಕುಸುಬೆ. ಹೊತ್ತು ಇಳಿದಾಗ ಮೊಬೈಲಿನಲ್ಲಿ ಚಿತ್ರ ತೆಗೆದೆ. ಆಕಾಶಕ್ಕೆ ಒಂದು ಪಾಲು, ಭೂಮಿಗೆ ಎರಡು. ಆದರೂ ಭೂಮಿ ಸಣ್ಣದಾಗಿ ಕಂಡಿತು. ಚುಕ್ಕೆಯಾಗಿ ಕೌದಿಯನ್ನಾದರೂ ದೂರದ ಗಿಡಕ್ಕೆ ಹಾಕೋಣವೆಂದು ಹೊಲಕ್ಕಿಳಿದೆ. ಕಾಲು ಮುಂದಾಗಲಿಲ್ಲ. ಇಲ್ಲದ ಹಾವಿಗೆ ನೆಲ ಬಡಿಯುವವನು ಮುಂದೆ ಇರಲಿಲ್ಲ.