ಮಾವನವರ ರೀಲಿಗೆ ಹಿಡಿದ ತುಕ್ಕು

ಮೆಣಸಗಿಗೆ ಸೊಸೆಯಾಗಿ ಬಂದು ಒಂಬತ್ತು ತಿಂಗಳಾದರೂ ನಾನು ಮಾವನವರ ಜೊತೆ ಒಂದು ಮಾತೂ ಆಡಿರಲಿಲ್ಲ. ಅವರು ಸಿಟ್ಟಿನವರೆಂದಲ್ಲ. ಐವತ್ತರ ದಶಕದಲ್ಲಿ ನಮ್ಮ ಕಡೆ ರೂಢಿಯೇ ಹಾಗಿತ್ತು. ಅವರು ಪಡಸಾಲೆಗೆ ಬಂದರೆ ನಾನು ಸೆರಗು ಎಳೆದುಕೊಂಡು ಒಳಗೆ ಸರಿಯಬೇಕು. ಏನಾದರೂ ಹೇಳುವುದಿದ್ದರೆ ಅತ್ತೆಗೆ ಹೇಳಬೇಕು, ಅತ್ತೆ ಅವರಿಗೆ ಮುಟ್ಟಿಸಬೇಕು.

ಮಾವನವರು ಹರೆಯದಲ್ಲಿ ಪಲ್ಟಣದಲ್ಲಿ ಸಿಪಾಯಿಯಾಗಿದ್ದರು. ಅಲ್ಲಿಯ ಸಾಹೇಬನೊಬ್ಬ ವಿಲಾಯತಿಗೆ ಹೊರಡುವಾಗ ತನ್ನ ಗಾಳದ ಕೋಲನ್ನೂ ಅದಕ್ಕೆ ಜೋಡಿಸುವ ರೀಲನ್ನೂ ಇವರಿಗೆ ಕೊಟ್ಟು ಹೋಗಿದ್ದ. ರೀಲೆಂದರೆ ಅಂಗೈಯಗಲದ ಹಿತ್ತಾಳೆಯ ಗಾಲಿ. ರೇಷ್ಮೆ ದಾರ ಸುತ್ತಲು ಒಂದು ಹಿಡಿಕೆ, ನಡುವೆ ಉಕ್ಕಿನ ಅಚ್ಚು. ಮೀನು ದಾರ ಎಳೆದಾಗ ಕಿರ್ರೆಂದು ಸದ್ದು ಮಾಡುತ್ತಿತ್ತು. ಊರಿನ ಉಳಿದವರು ಬಿದಿರು ಕೋಲು ಹಿಡಿದು ಕೂತರೆ ನಮ್ಮ ಮಾವನವರೊಬ್ಬರು ಮಲಪ್ರಭೆಯ ಮಡುವಿನಲ್ಲಿ ರೀಲು ಬಿಡುತ್ತಿದ್ದರು. ಬೆಳವಣಕಿಯಿಂದ ಬಂದ ನೆಂಟರೂ ಅದನ್ನೊಮ್ಮೆ ತಿರುಗಿಸಿ ನೋಡದೆ ಊಟಕ್ಕೆ ಏಳುತ್ತಿರಲಿಲ್ಲ.

ಆ ವರ್ಷ ಮಳೆಗಾಲದಲ್ಲಿ ಹೊಳೆ ಏರಿತು. ಮೀನು ಹಿಡಿಯುವುದು ನಿಂತಿತು. ಕೊನೆಯ ಸಲ ಹೊಳೆಯಿಂದ ಬಂದಾಗ ಮಾವನವರು ರೀಲನ್ನು ಒದ್ದೆ ದಾರದ ಸಮೇತ ಬಟ್ಟೆಯ ಚೀಲದಲ್ಲಿ ಹಾಕಿ ಅಡುಗೆಮನೆಯಲ್ಲಿ ಉಪ್ಪಿನ ಗಡಿಗೆಯ ಪಕ್ಕ ಇಟ್ಟುಬಿಟ್ಟಿದ್ದರು. ದೀಪಾವಳಿ ಮುಗಿದ ಮೇಲೆ ತೆಗೆದರೆ ಗಾಲಿ ಮಿಸುಕಲಿಲ್ಲ. ಹಿತ್ತಾಳೆಗೆ ಹಸಿರು ಕಿಲುಬು, ಅಚ್ಚಿಗೆ ಕೆಂಪು ತುಕ್ಕು. ಕಮ್ಮಾರನ ಹತ್ತಿರ ಒಯ್ದರು. ಬೆಂಕಿಗೆ ಹಿಡಿದು ಬಡಿಯೋಣ ಎಂದನಂತೆ. ಅದಕ್ಕೆ ಮನಸ್ಸಾಗದೆ ಮರಳಿ ತಂದು, ಎರಡು ದಿನ ಕಟ್ಟೆಯ ಮೇಲೆ ಅದನ್ನು ತೊಡೆಯಲ್ಲಿಟ್ಟುಕೊಂಡು ಕೂತರು. ಮೂರನೆಯ ದಿನ ತಾವೇ ಸುತ್ತಿಗೆ ಕೈಗೆತ್ತಿಕೊಂಡರು.

ಬಾಗಿಲ ಮರೆಯಲ್ಲಿದ್ದ ನನಗೆ ತಡೆಯಲಾಗಲಿಲ್ಲ. ನನ್ನ ತವರು ಗಜೇಂದ್ರಗಡ. ಅಪ್ಪ ಅಲ್ಲಿ ಹೊಲಿಗೆ ಮಷಿನ್ನು, ಗಡಿಯಾರ ರಿಪೇರಿ ಮಾಡುತ್ತಿದ್ದರು. ಅವರೆದುರು ಕೂತು ಸ್ಕ್ರೂ ಬಿಚ್ಚಿ ಜೋಡಿಸುತ್ತ ಬೆಳೆದವಳು ನಾನು.

“ಅತ್ತೀ, ಸುತ್ತಿಗಿ ಬ್ಯಾಡ ಅಂತ ಹೇಳ್ರಿ,” ಎಂದೆ.

ಅತ್ತೆ ಎರಡು ಮಾರು ದೂರದಲ್ಲಿದ್ದ ಗಂಡನಿಗೆ, “ಸುತ್ತಿಗಿ ಬ್ಯಾಡಂತ,” ಎಂದರು.

“ಮತ್ತೇನ್ ಮಾಡಬೇಕಂತ ಕೇಳು.”

“ಏನ್ ಮಾಡಬೇಕಂತವಾ?”

“ಚಿಮಣಿ ಎಣ್ಣ್ಯಾಗ ಒಂದ ದಿನ ಮುಳಗಿಸಿ ಇಡಬೇಕ್ರಿ. ಆಮ್ಯಾಲ ನಾ ಬಿಚ್ಚತೀನಿ.”

ಅತ್ತೆ ಇದನ್ನು ಮುಟ್ಟಿಸುವಷ್ಟರಲ್ಲಿ ಮಾವನವರು ರೀಲನ್ನು ಹೊಸ್ತಿಲ ಬಳಿ ಇಟ್ಟು ಹೊಲದ ಹಾದಿ ಹಿಡಿದಿದ್ದರು.

ಅದನ್ನು ಎಣ್ಣೆಯಲ್ಲಿ ಮುಳುಗಿಸಿಟ್ಟು, ಮರುದಿನ ಹಿತ್ತಲಲ್ಲಿ ಹಳೆಯ ಧೋತರದ ತುಂಡು ಹಾಸಿ, ಬಿಚ್ಚಿದ ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಟ್ಟೆ. ಅಚ್ಚಿನ ತುಕ್ಕನ್ನು ಸೋಸಿದ ಬೂದಿ, ಎಣ್ಣೆಬಟ್ಟೆಯಿಂದ ತಿಕ್ಕಿ ತೆಗೆದೆ. ಹಿತ್ತಾಳೆಗೆ ಹುಣಸೆ ಹಚ್ಚಿ, ಹುಳಿ ಉಳಿಯದ ಹಾಗೆ ಚೆನ್ನಾಗಿ ತೊಳೆದು ಒರೆಸಿದೆ. ಸದ್ದು ಮಾಡುವ ಪುಟ್ಟ ಹಲ್ಲಿನ ಹಿಂದೆ ತೆಳ್ಳಗಿನ ಸ್ಪ್ರಿಂಗೊಂದಿತ್ತು. ಅದನ್ನು ಎತ್ತಲು ಹೋದೆ, ಎರಡು ತುಂಡಾಯಿತು.

ಹೆದರಿ ತುಂಡುಗಳನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ. ಉಳಿದದ್ದನ್ನು ಜೋಡಿಸಿ ಅತ್ತೆಯ ಕೈಯಲ್ಲಿ ಕೊಟ್ಟು ಕಳಿಸಿದೆ. ಗಾಲಿ ಬೆಣ್ಣೆಯಂತೆ ತಿರುಗಿತು. ಮಾವನವರ ಮುಖ ಅರಳಿತು. ಮತ್ತೆ ತಿರುಗಿಸಿ ಕಿವಿಯ ಹತ್ತಿರ ಹಿಡಿದರು.

“ಇದರ ದನಿ ಎಲ್ಲಿ ಹೋತಂತ ಕೇಳು.”

ಅತ್ತೆ ನನ್ನ ಕಡೆ ತಿರುಗಿದರು. ಅವರು ಬಾಯಿ ತೆರೆಯುವ ಮೊದಲೇ ನಾನು ಹೊರಗೆ ಬಂದುಬಿಟ್ಟಿದ್ದೆ.

“ಮಾವಾರ, ಅದು ನನ್ನ ಕೈಯಾಗ ಮುರೀತ್ರಿ.”

ಸೆರಗಿನ ಗಂಟು ಬಿಚ್ಚಿ ನಾನು ಚಾಚಿದ ತುಂಡುಗಳನ್ನು ಅವರು ನೋಡಿದರು. “ತುಕ್ಕ ತಿಂದಿದ್ದು ಮುರೀತೈತಿ. ಹಸೀದು ಇಟ್ಟಾವ ನಾನು. ನೀ ಯಾಕ ಅಳತಿಯವಾ?” ಎಂದರು. ಆಮೇಲೆ, “ನಿಮ್ಮಪ್ಪನ ಹತ್ರ ಇಂಥಾದ್ದು ಸಿಗತೈತೇನು?”

“ಹಳೇ ಗಡಿಯಾರದ್ದು ಕತ್ತರಿಸಿ ಮಾಡತಾರ್ರಿ.”

“ಹಂಗಾರ ನಾಳಿ ಹೋಗೂಣು. ಅಳತಿ ನಿನಗ ಗೊತ್ತು. ನಾ ಒಬ್ಬಾವ ಹೋಗಿ ಏನ್ ಹೇಳಲಿ?”

ಅಳತೆಗೆ ಮುರಿದ ತುಂಡುಗಳೇ ಸಾಕಾಗಿದ್ದವು. ಅದು ಅವರಿಗೂ ಗೊತ್ತಿತ್ತು. ನಾಗರ ಪಂಚಮಿಗೆ ಹೊಳೆ ಬಂದು ತವರಿಗೆ ಹೋಗಲಾಗದೆ ನಾನು ಅತ್ತದ್ದನ್ನು ಅವರು ಕೇಳಿರಬೇಕು.

ರೋಣದವರೆಗೆ ಚಕ್ಕಡಿಯಲ್ಲಿ ಹೋಗಿ ಅಲ್ಲಿಂದ ಬಸ್ಸು ಹತ್ತಿದೆವು. ನನ್ನನ್ನು ಕಂಡು ಅವ್ವ ಒಲೆಯ ಮೇಲಿದ್ದ ರೊಟ್ಟಿ ಮರೆತಳು. ಅಪ್ಪ ಹಳೆಯ ಗಡಿಯಾರದ ಸ್ಪ್ರಿಂಗು ಕತ್ತರಿಸಿ ಕೊಟ್ಟರು. ಅದನ್ನು ಅರದಿಂದ ಸವರಿ ಕೂರಿಸಿದವಳು ನಾನು. ಮಾವನವರು ಮಣೆಯ ಮೇಲೆ ಕೂತು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ರೀಲು ಮತ್ತೆ ಕಿರ್ರೆಂದಿತು.

“ಬೀಗರ, ನೀರಿನಾಗ ಇಳಿಸಿದ್ರ ಇದು ಕೆಡೂದಿಲ್ರಿ,” ಎಂದರು ಅಪ್ಪ. “ಒಳಗ ನಿಂತ ಪಸಿ ಕೆಡಸತೈತಿ. ಹೊಳಿಯಿಂದ ಬಂದ ಕೂಡ್ಲೇ ಚಲೋ ನೀರಾಗ ತೊಳದು ಒರಸ್ರಿ. ದಾರ ಪೂರಾ ಬಿಚ್ಚಿ ನೆರಳಾಗ ಒಣಗಸ್ರಿ. ಮಷಿನ್ ಎಣ್ಣಿ ಒಂದ ಹನಿ ಬಿಟ್ರ ಸಾಕು. ಶೇಂಗಾ ಎಣ್ಣಿ ಹಾಕಿದ್ರ ಅಂಟಾಗಿ ಮಣ್ಣು ಹಿಡೀತೈತಿ.”

“ಇದನ್ನೆಲ್ಲಾ ನಿಮ್ಮ ಮಗಳಿಗೆ ಹೇಳ್ರಿ. ನಾ ಮರೀತೀನಿ,” ಎಂದು ಮಾವನವರು ನಕ್ಕರು. ಮೂರು ದಿನ ಇದ್ದು ಬಾ ಎಂದು ನನ್ನನ್ನು ಅಲ್ಲೇ ಬಿಟ್ಟು ಹೋದರು.

ಅಂದಿನಿಂದ ರವಿವಾರ ಸಂಜೆ ಹಿತ್ತಲಲ್ಲಿ ನಮ್ಮಿಬ್ಬರ ಕೆಲಸ ನಡೆಯತೊಡಗಿತು. ಅವರು ಬೇವಿನ ಮರದಿಂದ ದನದ ಗೂಟದವರೆಗೆ ದಾರ ಕಟ್ಟುತ್ತಿದ್ದರು. ನಾನು ರೀಲು ಬಿಚ್ಚಿ ಒರೆಸುತ್ತಿದ್ದೆ. ದಾರ ಒಣಗುವತನಕ ಪಲ್ಟಣದ ಸಂಗತಿ ಹೇಳುತ್ತಿದ್ದರು. ಕಸಬರಿಗೆ ಹಿಡಿದು ಬಂದ ಅತ್ತೆಯೂ ಅಲ್ಲೇ ಕೂತುಬಿಡುತ್ತಿದ್ದರು.

ಬೇಸಿಗೆಯಲ್ಲಿ ಒಂದು ರವಿವಾರ, “ರಿಪೇರಿ ಮಾಡಾಕಿ ಒಂದ್ಸಲ ಬಿಟ್ಟೂ ನೋಡಬೇಕು,” ಎಂದು ಅತ್ತೆಯನ್ನೂ ನನ್ನನ್ನೂ ಮಡುವಿಗೆ ಕರೆದೊಯ್ದರು. ನಾನು ಬೀಸಿದ ಮೊದಲ ಗಾಳ ಜಾಲಿ ಗಿಡಕ್ಕೆ ಸಿಕ್ಕಿತು. ಎರಡನೆಯದು ಕಾಲ ಬುಡದಲ್ಲೇ ಬಿತ್ತು. ಮೂರನೆಯದಕ್ಕೆ ಗೇಣುದ್ದದ ಮೀನೊಂದು ಬಂತು. ಮಾವನವರು ಅದನ್ನು ಹಾದಿಯಲ್ಲಿ ಹೋಗುತ್ತಿದ್ದವರಿಗೆಲ್ಲ ಎತ್ತಿ ತೋರಿಸಿದರು.

ಆಗ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, “ಒಂದೀಟ ನನ್ನ ಕೈಯಾಗ ಕೊಡ್ರಿ,” ಎಂದರು. ಹೊತ್ತು ಇಳಿಯುವವರೆಗೂ ಕೋಲು ಬಿಟ್ಟುಕೊಡಲಿಲ್ಲ. ಏನೂ ಸಿಗಲಿಲ್ಲ. ಮುಂದಿನ ರವಿವಾರ ಎಲ್ಲರಿಗಿಂತ ಮೊದಲು ಬುತ್ತಿ ಕಟ್ಟಿಕೊಂಡು ಬಾಗಿಲಲ್ಲಿ ನಿಂತವರು ಅವರೇ.