ಬೆಳ್ಯಪ್ಪನವರ ಎಡಗೈ
ಐವರ್ನಾಡಿನ ಬೆಳ್ಯಪ್ಪನವರು ನಲ್ವತ್ತು ವರ್ಷ ರಬ್ಬರ್ ಮರದ ಸಿಪ್ಪೆ ಗೀರಿ ಹಾಲು ಇಳಿಸುವ ಟ್ಯಾಪಿಂಗ್ ಮಾಡಿದವರಾದ್ದರಿಂದ, ಕ್ಯಾನ್ಸರಿನ ಮದ್ದು ಏರಿಸಿಕೊಳ್ಳಲು ಪುತ್ತೂರಿನ ದರ್ಬೆಯ ಕ್ಲಿನಿಕ್ಕಿಗೆ ಬರುವಾಗಲೂ ಕಸುಬನ್ನು ಮನೆಯಲ್ಲಿ ಬಿಟ್ಟು ಬರುವುದಿಲ್ಲ. ಕ್ಲಿನಿಕ್ಕಿನ ಬಾಗಿಲು ತೆರೆಯುವ ಮೊದಲೇ ಅವರು ಮೆಟ್ಟಿಲ ಮೇಲೆ ಹಾಜರು. ಬಿಸಿಲೇರಿದರೆ ಹಾಲು ಇಳಿಯುವುದಿಲ್ಲ ಎಂಬುದು ಅವರ ಶಾಸ್ತ್ರ. ಮಳೆ ಹನಿಸಿದರೆ ಸಾಕು, ಟ್ಯಾಪಿಂಗಿಗೆ ರಜೆ ಇರುವ ಹಾಗೆ, "ಇವತ್ತು ರಜೆ ಉಂಟಾ ಸಿಸ್ಟರ್?" ಎಂದು ಫೋನು ಮಾಡುತ್ತಾರೆ. ಪ್ರತಿಸಲವೂ ಚಾಚುವುದು ಎಡಗೈಯನ್ನೇ. ಸೂಜಿ ಹಿಡಿದು ಬಂದ ಸಿಸ್ಟರ್ ಸಮೀಕ್ಷಾಳಿಗೆ, "ಸಿಪ್ಪೆಗೆ ಮಾತ್ರ ತಾಗ್ಬೇಕು ಮಾರಾಯ್ತಿ, ಮರಕ್ಕೆ ತಾಗ್ಬಾರ್ದು" ಎಂದು ಪಾಠ ಹೇಳುತ್ತಾರೆ. ಬಾಟಲಿಯಿಂದ ನಿಧಾನ ಬೀಳುವ ಹನಿ ನೋಡಿ, "ಇದೆಂತ, ಮುದಿಮರದ ಹಾಗೆ!" ಎಂದು ಅಕ್ಕಪಕ್ಕದ ರೋಗಿಗಳನ್ನೆಲ್ಲ ನಗಿಸುತ್ತಾರೆ. ಆರನೆಯ ಸಲ ಬಂದಾಗ ಎಷ್ಟು ಹುಡುಕಿದರೂ ಎಡಗೈಯಲ್ಲಿ ನರ ಸಿಗಲಿಲ್ಲ. "ಇವತ್ತು ಬಲಗೈಗೆ ಹಾಕುವಾ ಅಜ್ಜ" ಎಂದಳು ಸಮೀಕ್ಷಾ. ಬೆಳ್ಯಪ್ಪನವರು ಅಂಗಿಯ ತೋಳು ಮಡಚಿ ಬಲಗೈ ಚಾಚಿದರು. ರಬ್ಬರ್ ಮರದ ಎರಡೂ ಬದಿಗೆ ಕತ್ತಿ ಹಾಕುವುದು ಯಾವಾಗ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ: ಮರ ಕಡಿಯುವ ದಿನ ನಿಶ್ಚಯವಾದ ಮೇಲೆ.