ಹಳ್ಳಕ್ಕೆ ತಮಿಳಿನಲ್ಲಿ ಏನನ್ನುತ್ತಾರೆ?

ಎಂಬತ್ತರ ದಶಕದ ಮೊದಲ ವರ್ಷಗಳು. ಅಡ್ಯಾರ್ ಆಚೆ, ಸಮುದ್ರ ಸೇರುವ ಸಣ್ಣ ಹಳ್ಳದ ದಂಡೆಯ ಮೀನುಗಾರರ ಗುಡಿಸಲುಗಳನ್ನು ಕಿತ್ತುಹಾಕಲು ಒಬ್ಬ ಅಧಿಕಾರಿ ಬಂದಿದ್ದ. ಜೀಪನ್ನು ನೀರಿನಂಚಿಗೇ ನಿಲ್ಲಿಸಿ, "ಇದು ಚರಂಡಿ. ಚರಂಡಿ ಜಾಗದಲ್ಲಿ ಮನೆ ಕಟ್ಟುವ ಹಾಗಿಲ್ಲ" ಎಂದ.

ಕೇರಿಯವರ ಜೊತೆ ಅಡ್ಡ ನಿಲ್ಲಲೆಂದು ಅಂಬತ್ತೂರಿನ ಕಾರ್ಖಾನೆಗೆ ರಜೆ ಹಾಕಿ ಹೋಗಿದ್ದ ಕನ್ನಡಿಗ ನಾನು; ಮೈಯೆಲ್ಲ ಉರಿಯಿತು. ಹಳ್ಳಕ್ಕೆ ತಮಿಳಿನಲ್ಲಿ ಪಳ್ಳಂ ಅನ್ನಬೇಕೆಂದು ನಾನೇ ತೀರ್ಮಾನಿಸಿಕೊಂಡು, "ಪ್ರಾಣ ಹೋದರೂ ಈ ಪಳ್ಳಂ ಬಿಡುವುದಿಲ್ಲ!" ಎಂದು ತಮಿಳಿನಲ್ಲಿ ಕೂಗಿದೆ.

ಜನ ಬಿದ್ದು ಬಿದ್ದು ನಕ್ಕರು. ತಮಿಳಿನಲ್ಲಿ ಪಳ್ಳಂ ಎಂದರೆ ಗುಂಡಿ.

"ಗುಂಡಿ ನೀನೇ ಇಟ್ಟುಕೋ ತಂಬಿ," ಎಂದಳು ಮೀನು ಮಾರುವ ಕನ್ನಿಯಮ್ಮ. "ಇದು ಕಡಲಿನ ಬಾಗಿಲು. ಇಲ್ಲಿ ರಸ್ತೆ, ಬಂಗಲೆ ಏನೂ ಇಲ್ಲದಾಗ ನಮ್ಮ ಹಿರಿಯರು ದೋಣಿ ತಂದು ಕಟ್ಟಿದ್ದು ಇಲ್ಲೇ. ನಿನ್ನ ಕಾಲಡಿ ಕೆದಕಿ ನೋಡು."

ಕೆದಕಿದೆ. ಕೈ ಹೋದಷ್ಟು ಆಳಕ್ಕೂ ಕಪ್ಪೆಚಿಪ್ಪು. ತಲೆತಲಾಂತರದವರು ತಿಂದು ಎಸೆದ ಚಿಪ್ಪಿನ ದಿಬ್ಬದ ಮೇಲೆ ಆ ಕೇರಿ ನಿಂತಿತ್ತು.

ಅಷ್ಟರಲ್ಲಿ ಕಡಲ ಕಡೆ ಹರಿಯುತ್ತಿದ್ದ ಕಪ್ಪು ನೀರು ನಿಂತಿತು. ಆಮೇಲೆ ಸದ್ದಿಲ್ಲದೆ ತಿರುಗಿ, ಊರಿನ ಕಡೆಗೆ ಹರಿಯತೊಡಗಿತು. ಉಬ್ಬರವನ್ನು ಅಷ್ಟು ಹತ್ತಿರದಿಂದ ನಾನು ಕಂಡಿರಲೇ ಇಲ್ಲ. ಅಧಿಕಾರಿಯ ವಾದ ಮುಗಿಯುವ ಮೊದಲೇ ನೀರು ಜೀಪಿನ ಚಕ್ರ ಮುಟ್ಟಿತ್ತು.

"ಚರಂಡಿ ನಿಮ್ಮನ್ನು ಮಾತಾಡಿಸೋಕೆ ಬಂದಿದೆ ಸಾರ್," ಎಂದಳು ಕನ್ನಿಯಮ್ಮ.

ಅಂದಿಗೆ ಜೀಪು ಹೊರಟಿತು. ಮತ್ತೆ ಬಂತು, ನಾವೂ ಮತ್ತೆ ಅಡ್ಡ ನಿಂತೆವು. ಆ ಕೇರಿಗೆ ನಾನು ಇಂದಿಗೂ ಪಳ್ಳಂ ತಂಬಿ, ಗುಂಡಿ ತಮ್ಮ. ನನಗೆ ಸಿಟ್ಟು ಬರದ ಬೈಗುಳ ಅದೊಂದೇ.